ಮುಂಗಾಲಿನ ಕೋಲು

ಫೆಬ್ರವರಿ 3, ಸೋಮವಾರ

ಮೊಳೆ. ಇವತ್ತೂ ಮೊಳೆಯೇ. ಬೆಳಿಗ್ಗೆಯಿಂದ ಕಿತ್ತದ್ದರಲ್ಲಿ ಒಂದು ಡಬ್ಬ ತುಂಬಿತು. ನಾಟಕಶಾಲೆಯ ವೇದಿಕೆಗೆ ಇಷ್ಟೊಂದು ಮೊಳೆ ಹೊಡೆದ ಪುಣ್ಯಾತ್ಮ ಯಾರಪ್ಪಾ ಎಂದು ಬೈದುಕೊಂಡೇ ಕೀಳುತ್ತಿದ್ದೆ. ಆಮೇಲೆ ನೆನಪಾಯಿತು, ಅರ್ಧಕ್ಕರ್ಧ ನಾನೇ ಹೊಡೆದದ್ದು.

ಹಲಗೆಯೆಲ್ಲ ತೇಗ. ಮೇಲೆ ಕರಿ ಬಣ್ಣ, ಪದರದ ಮೇಲೆ ಪದರ. ಕೀಸುಳಿ ಒಂದು ಸಲ ಎಳೆದರೆ ಒಳಗೆ ಜೇನಿನ ಬಣ್ಣ. ನಾಟಕಶಾಲೆ ಕೆಡವಿದವರು ಇದನ್ನು ಸೌದೆಗೆ ಕೊಡಲು ಹೊರಟಿದ್ದರು! ಹೊಟ್ಟೆ ಉರಿದುಹೋಯಿತು. ಗಾಡಿ ತೆಗೆದುಕೊಂಡು ಹೋಗಿ ಹೇರಿಸಿಕೊಂಡು ಬಂದೆ. ಈಗ ಅದರಲ್ಲಿ ನಾಲ್ಕು ಬೆಂಚು — ನಮ್ಮ ಕಟ್ಟಡದ ಹಿಂದಿನ ತೋಟಕ್ಕೆ. ಎಲ್ಲರೂ ಸೇರಿ ಮಾಡುವ ತೋಟ, ಮನೆಗೊಂದು ತರಕಾರಿ ಪಾತಿ. ಕೂರಲು ಮಾತ್ರ ಒಂದು ಕಲ್ಲೂ ಗತಿಯಿಲ್ಲ. ತೋಟದ ಕಾರ್ಯದರ್ಶಿ, ರಿಟೈರ್ಡ್ ಎಂಜಿನಿಯರ್, ಕೇಳಿದರು: "ಮೇಸ್ತ್ರಿಗಳೇ, ನಿಮ್ಮ ಕೈಲಿ ಆಗುತ್ತಾ?"

ಆಗುತ್ತಾ ಎಂದು ನನ್ನನ್ನು ಕೇಳುವುದೇ! ಮೂವತ್ತು ವರ್ಷ ನಾಟಕಶಾಲೆಯ ಬಡಗಿ. ಅರಮನೆ ಮಾಡಿದ್ದೇನೆ, ಜೈಲು ಮಾಡಿದ್ದೇನೆ, ಹಡಗು ಮಾಡಿ ಮುಳುಗಿಸಿದ್ದೇನೆ. ನಾಲ್ಕು ಬೆಂಚು ನನಗೆ ನೀರು ಕುಡಿದಷ್ಟು ಸುಲಭ.

ಫೆಬ್ರವರಿ 5

ಒಂದು ಹಲಗೆಯಲ್ಲಿ ಬಿಳಿ ಗೆರೆ ಸಿಕ್ಕಿತು. ಕುರ್ಚಿ ಇಡುವ ಜಾಗಕ್ಕೆ ಹಾಕಿದ ಗುರುತು. ಎಷ್ಟು ಉಜ್ಜಿದರೂ ಹೋಗದು. ಕೊನೆಗೆ ಇರಲಿ ಬಿಡು ಎಂದು ಬಿಟ್ಟೆ.

ನಮ್ಮದು ಹಳೆಯ ಕಾಲದ ವೇದಿಕೆ. ಹಿಂದೆ ಎತ್ತರ, ಪ್ರೇಕ್ಷಕರ ಕಡೆಗೆ ತಗ್ಗು — ಹಿಂದೆ ನಿಂತ ಸೈನಿಕನ ಮುಖವೂ ಎಲ್ಲರಿಗೂ ಕಾಣಲಿ ಎಂದು. ಪೆನ್ಸಿಲ್ ಕೆಳಗಿಟ್ಟರೆ ಉರುಳಿಕೊಂಡು ಹೋಗಿ ಮೊದಲ ಸಾಲಿನವರ ಕಾಲಿಗೆ ಬೀಳುತ್ತಿತ್ತು. ಎಷ್ಟು ಪೆನ್ಸಿಲ್ ಕಳೆದುಕೊಂಡೆನೋ!

ಕೀಸುಳಿಯ ಅಲಗು ಒಂದು ಮೊಳೆಗೆ ತಾಗಿ ಹಲ್ಲು ಮುರಿಯಿತು. ಹಾಳಾಗಲಿ. ನಾಳೆ ಸಾಣೆ.

ಫೆಬ್ರವರಿ 11, ಮಂಗಳವಾರ

ಕಾರ್ಯದರ್ಶಿ ಮನೆಗೆ ಬಂದಿದ್ದರು. ಬೆಂಚಿನ ಮಾತಿಗಲ್ಲ, ನನ್ನ ಹೆಂಡತಿಯ ಪಾತಿಯ ಮಾತಿಗೆ. ಕೂರಲು ನಮ್ಮ ಮನೆಯ ಸಿಂಹಾಸನ ತೋರಿಸಿದೆ. ನಾಟಕಶಾಲೆಯಿಂದ ತಂದದ್ದು, ನಾನೇ ಮಾಡಿದ್ದು, ಮುಂದಿನಿಂದ ನೋಡಿದರೆ ಚಿನ್ನ. ಇವಳು ಒಗೆದ ಬಟ್ಟೆ ಒಟ್ಟುವುದು ಅದರ ಮೇಲೆಯೇ. ಹಿಂಗಾಲುಗಳ ಕೆಳಗೆ ಮರದ ತುಂಡು ಕೊಟ್ಟಿದ್ದರೂ ಅವರು ನಂಬಲಿಲ್ಲ, ನಿಂತೇ ಮಾತಾಡಿದರು.

"ಸಿಸ್ಟರ್, ರೂಲ್ ನಿಮಗೂ ಗೊತ್ತು. ಒಂದು ಹಂಗಾಮು ಪೂರ್ತಿ ಕೈಯಾಡಿಸದ ಪಾತಿ ಮುಂದಿನವರಿಗೆ ಹೋಗುತ್ತೆ. ಏಪ್ರಿಲ್ ಮೊದಲನೇ ಭಾನುವಾರ ಎಲ್ಲಾ ಪಾತಿ ನೋಡ್ಕೊಂಡು ಬರ್ತೀವಿ. ಆವತ್ತು ನೀವು ಅಲ್ಲಿದ್ರೆ ಸರಿ."

"ನಾನು ಮಾಡಿದ ರೂಲೇ ಅದು," ಎಂದಳು ಇವಳು. "ನನಗೆ ಯಾಕೆ ಓದಿ ಹೇಳ್ತೀರಿ?"

ನಿಜ. ಇವಳೇ ಮಾಡಿದ್ದು. ಆ ತೋಟದ ಮೊದಲ ಪಾತಿ ಇವಳದು. ಗಾಜಿನ ಚೂರು ಆಯ್ದು, ಮಣ್ಣು ತರಿಸಿ, ಎಲ್ಲರನ್ನೂ ಮನೆಯಿಂದ ಎಳೆದುಕೊಂಡು ಬಂದು ನಿಲ್ಲಿಸಿದವಳು. ಚಳಿಗಾಲದ ಶುರುವಿನಲ್ಲಿ ಬಕೆಟ್ ಬೋರಲು ಹಾಕಿ ಕೂತು ಕಳೆ ಕೀಳುತ್ತಿದ್ದಾಗ ಬಕೆಟ್ ಸಮೇತ ಉರುಳಿದಳು. ಮೊಣಕಾಲಿನ ಆಪರೇಷನ್ ಆಯಿತು. ಡಾಕ್ಟರು ನಡೆಯಿರಿ ಎನ್ನುತ್ತಾರೆ, ಇವಳು ನಡೆಯುತ್ತಾಳೆ. ಆದರೆ ತೋಟಕ್ಕೆ ಮಾತ್ರ ಕಾಲಿಟ್ಟಿಲ್ಲ. ಅಲ್ಲಿ ಸುಸ್ತಾದರೆ ಕೂರಬೇಕು, ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ನರ್ಸ್ ಆಗಿದ್ದವಳು, ಇಷ್ಟು ವರ್ಷ ಊರವರನ್ನೆಲ್ಲ ಎತ್ತಿ ಕೂರಿಸಿದವಳು. ತನ್ನನ್ನು ಯಾರಾದರೂ ಎತ್ತುವುದೆಂದರೆ ಇವಳಿಗೆ ಮೈಯೆಲ್ಲ ಉರಿ.

ಸಾಲಿನಲ್ಲಿ ಮುಂದಿರುವುದು ಮೂರನೇ ಮಹಡಿಯ ಟೈಲರ್. ಒಳ್ಳೆಯ ಮನುಷ್ಯ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ನನಗೇನೂ ಅರ್ಜೆಂಟ್ ಇಲ್ಲ ಸಿಸ್ಟರ್" ಎನ್ನುತ್ತಾರೆ. ಇವಳಿಗೆ ಅದೇ ಇನ್ನೂ ಕೋಪ.

ಕಾರ್ಯದರ್ಶಿ ಹೋದ ಮೇಲೆ ಹೇಳಿದೆ: "ಒಂದು ಬೆಂಚು ನಿನ್ನ ಪಾತಿಯ ಪಕ್ಕಕ್ಕೇ ಹಾಕ್ತೀನಿ. ರಾಣಿ ಥರ ಕೂರು, ರಾಣಿ ಥರ ಏಳು."

"ನಿಮ್ಮ ರಾಣಿ ಕೂರೋದು ಇದರ ಮೇಲಾ?" ಎಂದು ಸಿಂಹಾಸನ ತೋರಿಸಿದಳು.

ನಗಲಿ. ಮಾಡಿ ತೋರಿಸುತ್ತೇನೆ.

ಫೆಬ್ರವರಿ 20, ಗುರುವಾರ

ಇವತ್ತು ಕಾಲು. ಗೋಡೆಯಿಂದ ಎರಡು ಕೋಲು ಇಳಿಸಿದೆ. ಮುಂಗಾಲಿನ ಅಳತೆಗೊಂದು, ಹಿಂಗಾಲಿನ ಅಳತೆಗೊಂದು. ಕೆಲಸಕ್ಕೆ ಸೇರಿದ ವರ್ಷ ಮಾಡಿಕೊಂಡದ್ದು, ಹಿಡಿದು ಹಿಡಿದು ಗಾಜಿನ ಹಾಗೆ ನುಣುಪಾಗಿವೆ. ಟೇಪು ಹಿಡಿಯುವುದು ತನ್ನ ಕೈ ಮೇಲೆ ತನಗೇ ನಂಬಿಕೆಯಿಲ್ಲದವರ ಕೆಲಸ. ಎಲ್ಲ ಕಾಲನ್ನೂ ಒಂದೇ ಉಸಿರಿಗೆ ಕೊಯ್ದು ಮುಗಿಸಿದೆ. ಗರಗಸ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಮಧ್ಯಾಹ್ನದೊಳಗೆ ಶೆಡ್ಡಿನಲ್ಲಿ ಕಾಲುಗಳ ರಾಶಿ.

ಕೈ ಮರೆತಿಲ್ಲ. ಖುಷಿಯಾಯಿತು. ಸುಮ್ಮನೆ ಬರೆದಿಡುತ್ತಿದ್ದೇನೆ, ಖುಷಿಯಾಯಿತು ಎಂದು.

ಮಾರ್ಚ್ 2, ಭಾನುವಾರ

ನಾಲ್ಕೂ ನಿಂತವು. ಅಗಸೆ ಎಣ್ಣೆ ಎರಡು ಸಲ ಹಚ್ಚಿದೆ, ಮೂರನೆಯದು ನಾಳೆ. ಬೆನ್ನಿಗೆ ಒರಗು ಇಟ್ಟಿಲ್ಲ, ಅಷ್ಟು ಹಲಗೆ ಉಳಿಯಲಿಲ್ಲ. ಬಿಳಿ ಗೆರೆಯ ಹಲಗೆಯನ್ನು ಇವಳ ಬೆಂಚಿಗೇ ಹಾಕಿದೆ.

ಕೂತು ನೋಡಿದೆ. ಸ್ವಲ್ಪ ಹಿಂದಕ್ಕೆ ವಾಲಿದ ಹಾಗೆನಿಸಿತು. ಶೆಡ್ಡಿನ ನೆಲ ಹಳ್ಳ ದಿಣ್ಣೆ, ಇಲ್ಲಿ ನೆಟ್ಟಗೆ ನಿಂತ ವಸ್ತುವೇ ಇಲ್ಲ. ತೋಟದಲ್ಲಿ ಇಟ್ಟಿಗೆ ಹಾಸಿದೆ, ಸರಿಯಾಗುತ್ತದೆ.

ಮುಂದಿನ ಭಾನುವಾರ ಸಾಗಿಸುವುದು. ಇವಳು ಕೇಳದ ಹಾಗೆ ಕೇಳಿದಳು: "ಎತ್ತರ ಎಷ್ಟಿದೆ?" ಹೇಳಿದೆ. ಆಮೇಲೆ ನೋಡಿದರೆ ಅಡುಗೆಮನೆಯಲ್ಲಿ ಅಷ್ಟೇ ಎತ್ತರದ ಸ್ಟೂಲ್ ಹುಡುಕಿಕೊಂಡು ಕೂತು ಎದ್ದು ಮಾಡುತ್ತಿದ್ದಾಳೆ! ನಾನು ಕಂಡಿಲ್ಲ ಎಂಬಂತೆ ಈಚೆ ಬಂದೆ.

ಮಾರ್ಚ್ 9, ಭಾನುವಾರ, ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ.

ಬೆಂಚುಗಳನ್ನು ಇಟ್ಟೆವು. ದಾರಿಗೆ ಮುಖ ಮಾಡಿ, ಬರುವವರಿಗೆಲ್ಲ ಮುಂಭಾಗ ಕಾಣುವ ಹಾಗೆ. ಚೆನ್ನಾಗಿ ಕಂಡವು. ಜನ ಸೇರಿದರು. ಕಾರ್ಯದರ್ಶಿ ಜೇಬಿನಿಂದ ರಸಮಟ್ಟ ತೆಗೆದರು — ಆ ಮನುಷ್ಯ ಮದುವೆಮನೆಗೂ ಅದನ್ನು ಜೇಬಲ್ಲಿಟ್ಟುಕೊಂಡೇ ಹೋಗುತ್ತಾರೆ. ಬೆಂಚಿನ ಮೇಲೆ ಅಡ್ಡಲಾಗಿ ಇಟ್ಟು, ಅದರ ಗಾಜಿನೊಳಗಿನ ಗಾಳಿಗುಳ್ಳೆ ನೋಡಿ ಕಣ್ಣು ಕಿರಿದು ಮಾಡಿದರು.

"ಮೇಸ್ತ್ರಿಗಳೇ, ಗುಳ್ಳೆ ಪೂರ್ತಿ ಮುಂದಕ್ಕೆ ಓಡ್ತಾ ಇದೆಯಲ್ಲ. ಮುಂದೆ ಎತ್ತರ, ಹಿಂದೆ ತಗ್ಗು."

"ನಿಮ್ಮ ನೆಲ ಡೊಂಕು ಸ್ವಾಮಿ," ಎಂದೆ.

"ಈ ಇಟ್ಟಿಗೆ ನಾನೇ ಕೂರಿಸಿದ್ದು. ಒಂದೊಂದಕ್ಕೂ ಇದೇ ಮಟ್ಟ ಇಟ್ಟು."

"ಹಾಗಾದ್ರೆ ನಿಮ್ಮ ಮಟ್ಟ ಡೊಂಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಇವಳು ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಊರುಗೋಲು. ಬಿದ್ದ ಮೇಲೆ ಇದೇ ಮೊದಲು ತೋಟಕ್ಕೆ. ದಾರಿ ಬಿಟ್ಟರು. ಬಂದು ತನ್ನ ಪಾತಿಯ ಪಕ್ಕದ ಬೆಂಚಿನ ಮೇಲೆ ನೆಟ್ಟಗೆ ಕೂತಳು, ಪಾತಿಗೆ ಬೆನ್ನು ಹಾಕಿ ದಾರಿಯ ಕಡೆ ಮುಖ ಮಾಡಿ, ಎಲ್ಲರನ್ನೂ ನೋಡಿ ನಕ್ಕಳು.

ಏಳಲು ಆಗಲಿಲ್ಲ.

ಸೊಂಟ ಹಿಂದಕ್ಕೆ ಇಳಿದಿತ್ತು, ಮೊಣಕಾಲು ಮೇಲೆದ್ದಿತ್ತು. ಒಂದು ಸಲ ಮುಂದಕ್ಕೆ ಬಾಗಿದಳು. ಬೆಂಚು ಹಿಂದಕ್ಕೆಳೆಯಿತು. ಇನ್ನೊಂದು ಸಲ. ಕಿವಿಯೆಲ್ಲ ಕೆಂಪು. ನಾನು ಕೈ ಚಾಚಿದೆ, ನನ್ನ ಕೈಯನ್ನು ನೋಡಿದ ನೋಟಕ್ಕೆ ಹಿಂದಕ್ಕೆ ತೆಗೆದುಕೊಂಡೆ.

"ಕೈ ಕೊಡ್ಲಾ ಸಿಸ್ಟರ್?" ಟೈಲರ್.

"ಬೇಡ."

ಪಕ್ಕದ ನಲ್ಲಿಯ ಪೈಪು ಹಿಡಿದು ಎಳೆದುಕೊಂಡು ಎದ್ದಳು. ನಲ್ಲಿ ತಿರುಗಿಬಿಟ್ಟು ನೀರು ಸೀರೆಯ ಅಂಚಿನ ಮೇಲೆಲ್ಲ ಸುರಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ನಲ್ಲಿ ನಿಲ್ಲಿಸಿ ನಡೆದುಬಿಟ್ಟಳು.

ಮನೆಗೆ ಬಂದ ಮೇಲೆ ಒಂದೇ ಮಾತು: "ಪಾತಿ ಟೈಲರ್‌ಗೆ ಕೊಟ್ಟುಬಿಡಿ ಅಂತ ಹೇಳಿ. ಅವರಾಗಿ ಕಿತ್ಕೊಳ್ಳೋ ಮೊದಲು ನಾನಾಗಿ ಬಿಡ್ತೀನಿ."

ಮಾರ್ಚ್ 10

ಊಟ ಇದೆ. ಮಾತಿಲ್ಲ.

ಕಾರ್ಯದರ್ಶಿಗೆ ಇನ್ನೂ ಹೇಳಿಲ್ಲ. ಹೇಳುವುದೂ ಇಲ್ಲ. ನನ್ನ ಬೆಂಚಿನಲ್ಲಿ ತಪ್ಪಿಲ್ಲ.

ಮಾರ್ಚ್ 17, ಸೋಮವಾರ

ತಪ್ಪಿದೆ.

ನಾದಿನಿ ಬಂದಿದ್ದಳು, ಅಕ್ಕನನ್ನು ನೋಡಿಕೊಂಡು ಹೋಗಲು. ಇವಳು ಮುಖ ಊದಿಸಿಕೊಂಡು ಒಳಗೆ, ನಾನು ಮುಖ ಊದಿಸಿಕೊಂಡು ಹೊರಗೆ. ನಾದಿನಿಗೆ ಇಬ್ಬರ ಮಧ್ಯೆ ಕೆಲಸವಿಲ್ಲ. ಸಿಂಹಾಸನದ ಮೇಲಿನ ಬಟ್ಟೆ ಮಡಚಿಡಲು ಹೊರಟಳು. ಗುಡಿಸೋಣವೆಂದು ಅದನ್ನು ಪಕ್ಕಕ್ಕೆ ಸರಿಸಿದಳು. ಮರದ ತುಂಡುಗಳು ಅಲ್ಲೇ ಉಳಿದವು. ಸಿಂಹಾಸನ ಹಿಂದಕ್ಕೆ ವಾಲಿತು.

"ಭಾವ, ಇದೇನಿದು ನಿಮ್ಮ ಸಿಂಹಾಸನ? ಮುಂದಿನ ಕಾಲು ಉದ್ದ, ಹಿಂದಿನ ಕಾಲು ಗಿಡ್ಡ. ರಾಜ ಕೂತ್ಕೊಂಡ್ರೆ ನೇರ ಆಕಾಶ ನೋಡ್ತಾನೆ!"

"ಅದು ಹಾಗೇ ಇರೋದು," ಎಂದೆ. "ವೇದಿಕೆ ಮುಂದೆ ತಗ್ಗು ಇತ್ತಲ್ಲ, ಮುಂಗಾಲು ಉದ್ದ ಇಟ್ಟರೇ ಅಲ್ಲಿ ನೆಟ್ಟಗೆ..."

ಮಾತು ಅರ್ಧಕ್ಕೇ ಬಿಟ್ಟು ಎದ್ದೆ.

ಶೆಡ್ಡಿಗೆ ಓಡಿದೆ. ಕೋಲುಗಳನ್ನು ಪಕ್ಕಪಕ್ಕ ಇಟ್ಟೆ. ಮುಂಗಾಲಿನ ಕೋಲು ಎರಡು ಬೆರಳು ಉದ್ದ. ಇರಲೇಬೇಕು! ಅದಕ್ಕೆಂದೇ ಎರಡು ಕೋಲು ಮಾಡಿಕೊಂಡದ್ದು. ಮೂವತ್ತು ವರ್ಷ ಮಾಡಿದ ಪ್ರತಿ ಕುರ್ಚಿ, ಪ್ರತಿ ಮಂಚ, ಪ್ರತಿ ಬೆಂಚು ಆ ಒಂದು ಇಳಿಜಾರಿಗೆ. ಎರಡು ಕೋಲು ಯಾಕೆ ಎಂದು ಕೇಳಿಕೊಳ್ಳುವುದನ್ನೇ ಮರೆತಿದ್ದೆ. ಚಪ್ಪಲಿಗೆ ಎಡ ಬಲ ಇರುವ ಹಾಗೆ, ಕಾಲಿಗೆ ಮುಂದು ಹಿಂದು ಎಂದುಕೊಂಡಿದ್ದೆ.

ನಾಟಕಶಾಲೆ ಕೆಡವಿದ ದಿನ ನಾನು ಅಳಲಿಲ್ಲ. ಗಾಡಿಗೆ ಹಲಗೆ ಹೇರುವುದರಲ್ಲಿದ್ದೆ. ಇವತ್ತು ಆ ಕೋಲು ಹಿಡಿದುಕೊಂಡು ಅತ್ತೆ. ಕಟ್ಟಡ ಹೋಯಿತು, ಪರದೆ ಹೋಯಿತು, ಅದರ ಇಳಿಜಾರು ಮಾತ್ರ ನನ್ನ ಕೈಯಲ್ಲಿ ಉಳಿದಿದೆ. ಕಾರ್ಯದರ್ಶಿಯ ಗುಳ್ಳೆ ಹೇಳಿದ್ದು ಸರಿ. ನಾಳೆ ಹೋಗಿ ಹೇಳಬೇಕು. ಅದಕ್ಕಿಂತ ಮೊದಲು ಇವಳಿಗೆ.

ಮಾರ್ಚ್ 18

ಹೇಳಿದೆ. ಕಾಫಿ ಲೋಟ ಮುಂದಿಟ್ಟು, ಕೋಲು ಎರಡನ್ನೂ ಮೇಜಿನ ಮೇಲಿಟ್ಟು, ನಾಟಕಶಾಲೆಯಿಂದ ಶುರುಮಾಡಿ ಪೂರ್ತಿ. ನಗುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಎರಡೂ ಕೋಲು ಕೈಗೆತ್ತಿಕೊಂಡು ಒಂದಕ್ಕೊಂದು ತಾಗಿಸಿ ನೋಡಿದಳು.

"ಅಂದ್ರೆ ಆವತ್ತು ಏಳೋಕೆ ಆಗದೇ ಇದ್ದಿದ್ದು ನನ್ನ ಕಾಲಿಂದ ಅಲ್ಲ?"

"ಅಲ್ವೇ ಅಲ್ಲ. ಬೆಂಚಿನ ಕಾಲಿಂದ."

"ನನ್ನ ಕಾಲು ಇನ್ನು ಮುಗೀತು ಅಂದ್ಕೊಂಡಿದ್ದೆ ಕಣ್ರೀ. ಆಪರೇಷನ್ನೇ ಸರಿಯಾಗಿಲ್ಲ ಅಂತ. ಇಷ್ಟು ದಿನ ಯಾರಿಗೂ ಹೇಳದೆ..." ಮರುಕ್ಷಣವೇ ಸಿಟ್ಟು ಬಂತು. "ಅಲ್ಲಾ, ಎಂಜಿನಿಯರ್ ಅಷ್ಟು ಸ್ಪಷ್ಟವಾಗಿ ಹೇಳಿದ್ರು. ಒಂದು ಸಲ ಟೇಪ್ ಹಿಡಿದು ನೋಡೋಕೆ ನಿಮಗೇನು ದಾಡಿ?"

ಬೈಸಿಕೊಂಡೆ. ಬೈಯಲಿ. ಅವಳ ಬೈಗುಳ ಕೇಳಿ ಎಷ್ಟು ದಿನವಾಗಿತ್ತು! ಕಾಫಿ ಆರಿಹೋಯಿತು, ಇನ್ನೊಂದು ಲೋಟ ಅವಳೇ ಮಾಡಿಕೊಟ್ಟಳು.

ಕಾರ್ಯದರ್ಶಿಗೂ ಹೇಳಿ ಬಂದೆ. ಪಾಪ, ಗೆದ್ದೆ ಎಂದು ಕುಣಿಯಲಿಲ್ಲ. "ಇಳಿಜಾರು ಎಷ್ಟಿತ್ತು ವೇದಿಕೆಗೆ?" ಎಂದು ಅದರ ಲೆಕ್ಕಕ್ಕೇ ಕೂತರು.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಗರಗಸ, ಟೇಪು (ಹೌದು, ಟೇಪು) ಹಿಡಿದು ತೋಟಕ್ಕೆ. ಮುಂಗಾಲುಗಳನ್ನು ಎರಡು ಬೆರಳು ಕಡಿಮೆ ಮಾಡಿದರೆ ಮುಗಿಯಿತು. ಮೂರು ಬೆಂಚು ಆಗುವಷ್ಟರಲ್ಲಿ ಬಿಸಿಲೇರಿತು. ಕಾರ್ಯದರ್ಶಿ ಮಟ್ಟ ಇಟ್ಟು ಒಂದೊಂದಕ್ಕೂ ತಲೆಯಾಡಿಸಿದರು.

ನಾಲ್ಕನೆಯದು ಇವಳದು. ಅಷ್ಟು ಹೊತ್ತಿಗೆ ಇವಳೂ ಬಂದಳು. "ನೀವು ಮತ್ತೆ ಏನು ಎಡವಟ್ಟು ಮಾಡ್ತೀರೋ ನೋಡೋಕೆ ಬಂದೆ," ಎಂದಳು. ನಾನು ಇನ್ನೂ ಮೂರನೆಯ ಬೆಂಚಿನ ಕಾಲಿಗೆ ಉಪ್ಪುಕಾಗದ ಹಾಕುತ್ತಿದ್ದೆ. ನಿಂತು ಕಾಯಲಾರದೆ ತನ್ನ ಬೆಂಚಿನ ಮೇಲೆ ಕೂತಳು. ಆದರೆ ದಾರಿಯ ಕಡೆ ತಿರುಗಿ ಅಲ್ಲ. ಇವಳಿಗೆ ದಾರಿ ಯಾಕೆ? ಹಿಂದಿನಿಂದ ಸುತ್ತಿ ಬಂದು, ಪಾತಿಯ ಕಡೆ ಮುಖ ಮಾಡಿ ಕೂತಳು.

ಪಾತಿಯ ತುಂಬಾ ಕಳೆ. ಮಧ್ಯೆ ಒಂದೇ ಒಂದು ಟೊಮೇಟೊ ಗಿಡ, ಯಾವಾಗಲೋ ಬಿದ್ದ ಬೀಜದಿಂದ ತಾನಾಗಿ ಎದ್ದದ್ದು, ಕಾಯಿಯ ಭಾರಕ್ಕೆ ವಾಲಿಕೊಂಡಿದೆ.

"ಅಯ್ಯೋ, ಇದನ್ನ ಯಾರೂ ಕಟ್ಟಿಲ್ವಲ್ರೀ, ಮುರಿದು ಬೀಳುತ್ತೆ," ಎಂದಳು. ಎದ್ದಳು. ಎರಡು ಹೆಜ್ಜೆ ನಡೆದು ಗಿಡಕ್ಕೆ ಕೈ ಹಾಕಿದಳು.

ಉಪ್ಪುಕಾಗದ ನನ್ನ ಕೈಯಲ್ಲೇ ಉಳಿಯಿತು. ಎದ್ದದ್ದು ಅವಳಿಗೇ ಗೊತ್ತಿಲ್ಲ.

"ಲೇ," ಎಂದೆ. "ಈಗ ಹೇಗೆ ಎದ್ದೆ?"

ತಿರುಗಿ ಬೆಂಚು ನೋಡಿದಳು. ನನ್ನನ್ನು ನೋಡಿದಳು. ವಾಪಸ್ ಬಂದು ಹಾಗೇ ಕೂತಳು, ಎದ್ದಳು. ಮತ್ತೆ ಕೂತಳು, ಎದ್ದಳು. ಆ ಕಡೆಯಿಂದ ಕೂತರೆ ಎತ್ತರದ ಕಾಲು ಹಿಂದೆ, ಗಿಡ್ಡ ಕಾಲು ಮುಂದೆ. ಹಿಂದಕ್ಕೆಳೆದ ಇಳಿಜಾರೇ ಈಗ ಮೆಲ್ಲಗೆ ಮುಂದಕ್ಕೆ ದೂಡುತ್ತದೆ, ಬೆನ್ನಿಗೆ ಯಾರೋ ಕೈಯಿಟ್ಟು ಏಳಮ್ಮಾ ಎಂದ ಹಾಗೆ. ಆದರೆ ಕೈ ಯಾರದೂ ಅಲ್ಲ.

ಕಾರ್ಯದರ್ಶಿ ಬಂದರು, ಮಟ್ಟ ಇಟ್ಟರು. "ಇದೊಂದು ಉಳಿದಿದೆ ಮೇಸ್ತ್ರಿಗಳೇ. ಗುಳ್ಳೆ ಇನ್ನೂ ಓಡ್ತಾ ಇದೆ."

"ಇದನ್ನ ಮುಟ್ಟಬೇಡಿ," ಎಂದಳು ಇವಳು.

"ಸಿಸ್ಟರ್, ಮಟ್ಟ ಇಲ್ಲ..."

"ನಿಮ್ಮ ಗುಳ್ಳೆಗೆ ಮೊಣಕಾಲಿದೆಯೇನ್ರೀ?"

ಅವರು ಹೋ ಎಂದು ನಕ್ಕುಬಿಟ್ಟರು. ತಾವೂ ಈ ಕಡೆಯಿಂದ ಕೂತರು, ಎದ್ದರು, ಸೊಂಟ ಹಿಡಿದುಕೊಂಡು ಯೋಚಿಸಿದರು. "ಛೆ. ಉಳಿದ ಮೂರನ್ನೂ ನಾನೇ ನಿಂತು ಕೊಯ್ಯಿಸಿಬಿಟ್ಟೆನಲ್ಲ!"

ಗರಗಸ ಚೀಲಕ್ಕೆ ಹಾಕಿದೆ.

ಮಾರ್ಚ್ 25

ಇವಳು ತೋಟದಲ್ಲಿ. ನನ್ನ ಊಟ ಮುಚ್ಚಿಟ್ಟಿದೆ.

ಮಾರ್ಚ್ 29

ತೋಟದಲ್ಲಿ. ಊಟವೂ ಇಲ್ಲ. ನಾನೇ ಬೇಯಿಸಿಕೊಂಡೆ. ಹೇಳಿಕೊಳ್ಳುವ ಹಾಗಿಲ್ಲ, ತಿಂದೆ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ

ಎದ್ದಾಗ ಇವಳಿಲ್ಲ. ಊರುಗೋಲು ಬಾಗಿಲ ಹಿಂದೆಯೇ ಇದೆ. ಬಾಲ್ಕನಿಗೆ ಬಂದು ನೋಡಿದರೆ ಕೆಳಗೆ ತೋಟದಲ್ಲಿದ್ದಾಳೆ. ನಿಂತುಕೊಂಡು ಟೊಮೇಟೊ ಕೀಳುತ್ತಿದ್ದಾಳೆ. ಇಲ್ಲೇ ಕುರ್ಚಿ ಎಳೆದುಕೊಂಡು ಬರೆಯುತ್ತಿದ್ದೇನೆ. ಕೆಳಗೆ ಹೋಗೋಣವೆಂದರೆ ನಿನ್ನೆಯೇ ಹೇಳಿದ್ದಾಳೆ: "ನೀವು ಬರಬೇಡಿ. ಬಂದ್ರೆ ಕೈ ಚಾಚ್ತೀರಿ."

ಕಾರ್ಯದರ್ಶಿ, ಟೈಲರ್, ಇನ್ನೂ ನಾಲ್ಕೈದು ಜನ ಪಾತಿ ನೋಡುತ್ತ ಬರುತ್ತಿದ್ದಾರೆ. ಬೀನ್ಸಿನ ಪಾತಿ ಆಯಿತು. ಸೊಪ್ಪಿನದು ಆಯಿತು. ಇವಳು ಅವರನ್ನು ಕಂಡಳು.

ಕೂತುಬಿಟ್ಟಳು! ಬೇಕೆಂದೇ. ನಿಂತಿದ್ದವಳು ಹೋಗಿ ಬೆಂಚಿನ ಮೇಲೆ ಕೂತಳು, ಪಾತಿಯ ಕಡೆ ಮುಖ ಮಾಡಿ. ಮಡಿಲ ತುಂಬ ಟೊಮೇಟೊ. ಇವಳಿಗೆ ಇದೆಲ್ಲ ಯಾರು ಕಲಿಸಿದರು? ನಾಟಕಶಾಲೆಯಲ್ಲಿದ್ದವನು ನಾನೋ, ಅವಳೋ?

ಬಂದರು. ಸುತ್ತ ನಿಂತರು. ಟೈಲರ್ ಅಭ್ಯಾಸಬಲದಿಂದ ಕೈ ಮುಂದಕ್ಕೆ ತಂದರು. ನನ್ನ ಕೈ ಇಲ್ಲಿ ಕಂಬಿ ಹಿಡಿದಿದೆ, ಅಕ್ಷರ ವಕ್ರ.

ಎದ್ದಳು.

ಬೆಂಚಿಗೆ ಕೈ ಊರಲಿಲ್ಲ, ನಲ್ಲಿ ಹಿಡಿಯಲಿಲ್ಲ. ಊರಲು ಕೈಯೆಲ್ಲಿತ್ತು? ಎರಡೂ ಕೈಯಲ್ಲಿ ಟೊಮೇಟೊ ತುಂಬಿದ ಸೆರಗು. ಟೈಲರ್ ಚಾಚಿದ ಕೈಯಲ್ಲಿ ಎರಡು ಇಟ್ಟಳು. ಅವರು ಅವನ್ನು ನೋಡಿದರು, ಇವಳನ್ನು ನೋಡಿದರು, ತಲೆ ಬಾಗಿಸಿ ನಕ್ಕು ಮುಂದಿನ ಪಾತಿಗೆ ನಡೆದರು. ಕಾರ್ಯದರ್ಶಿ ಅವರ ಹಿಂದೆ. ಎಲ್ಲರೂ ಹೋದರು. ಪಾತಿ ಇವಳದೇ.

ಇವಳೊಬ್ಬಳೇ ನಿಂತಿದ್ದಾಳೆ. ಈಗ ತಲೆಯೆತ್ತಿ ಬಾಲ್ಕನಿಗಳನ್ನು ಒಂದೊಂದಾಗಿ ನೋಡುತ್ತಿದ್ದಾಳೆ, ನಾನು ಎಲ್ಲಾದರೂ ಇಣುಕುತ್ತಿದ್ದೇನಾ ಎಂದು ಹುಡುಕುತ್ತಾ. ಕಂಡಳು. ಕೈಯೆತ್ತಿದಳು, ನಾನೂ ಪೆನ್ನು ಕೆಳಗಿಟ್ಟು ಕೈ...